ಸ್ಕೂಟರಿಗೆ ವಿಮೆ ಉಂಟು, ಮನೆಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿಲ್ಲ. ಮದುವೆಯ ಸಾಲ ಐದಾರು ವರ್ಷಕ್ಕೆ ತೀರೀತು. ಮನೆಯ ಸಾಲ ಹದಿನೈದು, ಇಪ್ಪತ್ತು ವರ್ಷ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಹೀಗೆ ಕಟ್ಟಿದ ಮನೆಯ ಮುಂದೆ ನಿಂತಿರುವ ಸ್ಕೂಟರಿಗೆ ವಿಮೆ ಇರುತ್ತದೆ, ಮನೆಗೆ ಇರುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ಕೂಟರಿನ ವಿಮೆಯನ್ನು ಕಾನೂನು ಮಾಡಿಸುತ್ತದೆ, ಸರ್ಕಲ್ಲಿನಲ್ಲಿ ನಿಂತ ಪೊಲೀಸಿನವರು ಕೇಳುತ್ತಾರೆ. ಮನೆಯ ವಿಮೆಯನ್ನು ಯಾರೂ ಕೇಳುವುದಿಲ್ಲ. ಜೊತೆಗೆ, ಗೃಹಪ್ರವೇಶದ ಹೊತ್ತಿನಲ್ಲಿ ಬೆಂಕಿ, ನೀರು, ಬಿರುಕು ಎಂದು ಮಾತನಾಡುವುದು ಅಪಶಕುನ ಎಂಬ ಭಾವನೆಯೂ ನಮ್ಮಲ್ಲಿ ಉಂಟು. ಅಂದಿನ ಊಟದ ಖರ್ಚಿನ ನೂರರಲ್ಲಿ ಒಂದೆರಡು ಪಾಲು ತೆಗೆದಿಟ್ಟಿದ್ದರೆ ಒಂದು ವರ್ಷದ ವಿಮೆಗೆ ಸಾಕಾಗುತ್ತಿತ್ತು ಎಂಬ ಲೆಕ್ಕವನ್ನು ಹೋಳಿಗೆ ಬಡಿಸುವಾಗ ಯಾರು ಹಾಕುತ್ತಾರೆ?

ಪ್ರಥಮ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ವಿಮೆಯ ತತ್ವಗಳನ್ನು ಬಾಯಿಪಾಠ ಮಾಡುತ್ತಾರೆ: ಪರಮ ವಿಶ್ವಾಸ, ವಿಮಾ ಹಿತಾಸಕ್ತಿ, ನಷ್ಟ ಭರ್ತಿ, ಸಮೀಪ ಕಾರಣ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆ ಮಾತುಗಳ ಅರ್ಥ ತಮ್ಮ ಮನೆಯ ಗೋಡೆಗೂ ಸಂಬಂಧಪಟ್ಟಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳನ್ನೇ ಮುಂದಿಟ್ಟುಕೊಂಡು ನೋಡಿದರೆ ಆ ಪಾಠ ಚೆನ್ನಾಗಿ ಅರ್ಥವಾಗುತ್ತದೆ.

ಕೆರೆ ನೀರು ಬಂದ ದಿನಗಳು

ಬಂಡೆಗಳ ನಾಡು, ಬರದ ನಾಡು ಎಂದೇ ಹೆಸರಾದ ಪ್ರದೇಶ ಇದು. ನೆರೆ ಎಂದರೆ ಬೆಳಗಾವಿ, ಬಾಗಲಕೋಟೆ, ಕೊಡಗಿನ ಮಾತು ಎಂದು ಇಲ್ಲಿಯವರು ನೆಮ್ಮದಿಯಾಗಿದ್ದರು. 2022ರ ಆಗಸ್ಟ್ ಕೊನೆಯ ದಿನಗಳ ಮಳೆ ಆ ನೆಮ್ಮದಿಯನ್ನು ಕೆಡಿಸಿತು. ರಾಮನಗರದ ಭಕ್ಷಿ ಕೆರೆಯ ನೀರು ಉಕ್ಕಿ ಹರಿದು ಬೆಂಗಳೂರು–ಮೈಸೂರು ಹೆದ್ದಾರಿಯೇ ಹೊಳೆಯಾಯಿತು. ಸಂಘಬಸವನದೊಡ್ಡಿ ಬಳಿಯ ಕೆಳಸೇತುವೆಯಲ್ಲಿ ಬಸ್ಸೊಂದು ನೀರಿನಲ್ಲಿ ಮುಳುಗಿ, ಪ್ರಯಾಣಿಕರನ್ನು ಹೊರಗೆಳೆಯಬೇಕಾಯಿತು. ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಬಂದು ನೋಡಿ ಹೋದರು.

ನಾಲ್ಕು ಊರುಗಳ ಸುತ್ತಲಿನ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯ ದಾಟಿ, ರಾಮನಗರದ ಮಗ್ಗುಲಲ್ಲಿ ಹರಿದು, ಕನಕಪುರದ ಹಾರೋಬೆಲೆ ಹಾದು, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಚನ್ನಪಟ್ಟಣದ ಕಡೆ ಕಣ್ವ ನದಿ ಮತ್ತು ಜಲಾಶಯ. ನಡುವೆ ಎಷ್ಟೋ ಕೆರೆಗಳು. ಬೇಸಿಗೆಯಲ್ಲಿ ಮಣ್ಣು ಕಾಣುವ ಈ ಕೆರೆಗಳ ಕೆಳಗಿನ ಗದ್ದೆಗಳೇ ಇಂದು ಬಡಾವಣೆಗಳಾಗಿವೆ. ನೀರಿಗೆ ತನ್ನ ಹಳೆಯ ದಾರಿಯ ನೆನಪು ಇರುತ್ತದೆ. ನಿವೇಶನ ಮಾರಿದವರಿಗೆ ಇರುವುದಿಲ್ಲ.

ಆ ವರ್ಷ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಬಹುಪಾಲು ಹಾಳಾದದ್ದಕ್ಕೆ 3 ಲಕ್ಷ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ, ನೀರು ನುಗ್ಗಿದ ಮನೆಗೆ 10 ಸಾವಿರ ರೂಪಾಯಿ ಪರಿಹಾರ ನಿಗದಿ ಮಾಡಿತ್ತು. ಕೇಂದ್ರದ ವಿಪತ್ತು ನಿಧಿಯ ಮಾನದಂಡದಂತೆ ಬಯಲುನಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ ಮಾತ್ರ. ಉಳಿದದ್ದು ರಾಜ್ಯ ತನ್ನ ಕಡೆಯಿಂದ ಸೇರಿಸಿದ್ದು. ಕಷ್ಟದಲ್ಲಿದ್ದವರಿಗೆ ಇದು ದೊಡ್ಡ ಆಸರೆಯೇ ಸರಿ. ಆದರೆ ಮೊಣಕಾಲುದ್ದ ನೀರು ಒಂದು ರಾತ್ರಿ ನಿಂತ ಮನೆಯಲ್ಲಿ ಫ್ರಿಜ್ಜು, ವಾಷಿಂಗ್ ಮಷೀನು, ಹಾಸಿಗೆ, ಪ್ಲೈವುಡ್ಡಿನ ಕಪಾಟು, ಅಕ್ಕಿ ಚೀಲ ಇಷ್ಟನ್ನು ಲೆಕ್ಕ ಹಾಕಿ 10 ಸಾವಿರದ ಪಕ್ಕ ಇಟ್ಟು ನೋಡಿ. ಇನ್ನೊಂದು ವಿಷಯ: ಪರಿಹಾರ ಎಂಬುದು ಸರ್ಕಾರದ ಔದಾರ್ಯ, ಒಂದು ವರ್ಷ ಇದ್ದ ಮೊತ್ತ ಮತ್ತೊಂದು ವರ್ಷ ಇರಬೇಕೆಂದಿಲ್ಲ. ವಿಮೆ ಹಾಗಲ್ಲ, ಅದು ಕರಾರು. ಷರತ್ತಿಗೆ ಒಳಪಟ್ಟು ಹಣ ಕೇಳುವ ಹಕ್ಕು ನಿಮ್ಮದು.

ಭಾರತ್ ಗೃಹ ರಕ್ಷಾ

ಹಿಂದೆ ಮನೆ ವಿಮೆ ಎಂದರೆ ಗೋಜಲು. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಿದ್ದವು. 2000ದ ನಂತರ ಖಾಸಗಿಯವರೂ ಬಂದರು. ಒಬ್ಬೊಬ್ಬರ ಪಾಲಿಸಿಯಲ್ಲಿ ಒಂದೊಂದು ಸೇರ್ಪಡೆ, ಒಂದೊಂದು ಹೊರತು. ಇದನ್ನು ಸರಿಪಡಿಸಲು ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಅದರ ಮೂಲ ಷರತ್ತುಗಳು ಒಂದೇ. ಬದಲಾಗುವುದು ಪ್ರೀಮಿಯಂ ಮತ್ತು ಕ್ಲೇಮ್ ಸಮಯದಲ್ಲಿ ಕಂಪನಿಯವರ ನಡತೆ. ಹೀಗಾಗಿ ಗ್ರಾಹಕ ಹೋಲಿಸಿ ನೋಡಬೇಕಾದ್ದು ಈ ಎರಡನ್ನೇ.

ಏನೇನು ಇದರಲ್ಲಿ ಸೇರಿದೆ? ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಬಂಡೆ ಉರುಳುವುದು, ಕಾಡ್ಗಿಚ್ಚು, ಗಲಭೆ, ಮುಷ್ಕರ, ದುರುದ್ದೇಶದ ಹಾನಿ, ಭಯೋತ್ಪಾದನೆ, ನೀರಿನ ಟ್ಯಾಂಕು ಅಥವಾ ಕೊಳವೆ ಒಡೆದು ಆಗುವ ನಷ್ಟ, ಮರ ಅಥವಾ ವಾಹನ ಬಂದು ಬಡಿಯುವುದು. ರಾಮನಗರದ ಬೆಟ್ಟಗಳ ಬುಡದಲ್ಲಿ ಮನೆ ಮಾಡಿಕೊಂಡವರು ‘ಬಂಡೆ ಉರುಳುವುದು’ ಎಂಬ ಮಾತನ್ನು ಎರಡು ಸಲ ಓದಿಕೊಳ್ಳಲಿ. ಹೆದ್ದಾರಿಯ ತಿರುವಿನಲ್ಲಿ ಮನೆ ಇರುವವರು ‘ವಾಹನ’ ಎಂಬುದನ್ನು ಓದಿಕೊಳ್ಳಲಿ. ಲಾರಿ ಬಂದು ಕಾಂಪೌಂಡಿಗೆ ಗುದ್ದಿದರೆ ವಿಮಾ ಕಂಪನಿ ನಿಮಗೆ ಹಣ ಕೊಟ್ಟು, ಆಮೇಲೆ ಲಾರಿಯವರಿಂದ ಅದನ್ನು ವಸೂಲು ಮಾಡಿಕೊಳ್ಳಲು ನಿಮ್ಮ ಜಾಗದಲ್ಲಿ ನಿಲ್ಲುತ್ತದೆ. ಪಠ್ಯದಲ್ಲಿ ಬರುವ ‘ಹಕ್ಕು ವರ್ಗಾವಣೆ’ ತತ್ವ ಎಂದರೆ ಇದೇ. ಇಬ್ಬರಿಂದಲೂ ಹಣ ಪಡೆದು ಲಾಭ ಮಾಡಿಕೊಳ್ಳುವಂತಿಲ್ಲ.

ಕನಕಪುರ, ಚನ್ನಪಟ್ಟಣದ ಕಾಡಂಚಿನ ಹಳ್ಳಿಗಳವರು ಕೇಳುವ ಪ್ರಶ್ನೆ ಬೇರೆ: ಆನೆ ಬಂದು ಗೋಡೆ ಕೆಡವಿದರೆ? ಹಳೆಯ ಮಾದರಿಯ ಬೆಂಕಿ ವಿಮೆಯಲ್ಲಿ ‘ವಿಮೆದಾರನದಲ್ಲದ ಪ್ರಾಣಿ’ ಬಡಿದು ಆಗುವ ಹಾನಿ ಎಂಬ ಮಾತು ಸ್ಪಷ್ಟವಾಗಿತ್ತು. ಹೊಸದರಲ್ಲಿ ಹೊರಗಿನ ಯಾವುದೇ ಭೌತಿಕ ವಸ್ತುವಿನ ಬಡಿತ ಎಂದಿದೆ. ಉದಾಹರಣೆಯಾಗಿ ವಾಹನ, ಮರ, ವಿಮಾನ, ಗೋಡೆಗಳ ಹೆಸರಿದೆ, ಆನೆಯ ಹೆಸರಿಲ್ಲ. ಆನೆಯನ್ನು ‘ವಸ್ತು’ ಎನ್ನಬೇಕೇ ಎಂಬುದು ವ್ಯಾಕರಣದ ಚರ್ಚೆಯಾಗಿ ಉಳಿಯಬಾರದು. ಕಾಡಂಚಿನವರು ಪಾಲಿಸಿ ಕೊಳ್ಳುವ ಮೊದಲು ಕಂಪನಿಯಿಂದ ಇದಕ್ಕೆ ಬರಹದಲ್ಲಿ ಉತ್ತರ ಪಡೆಯುವುದು ಜಾಣತನ.

ಮನೆ ಹಾಳಾದಾಗ ರಿಪೇರಿಯ ಖರ್ಚು ಮಾತ್ರ ಬರುವುದಲ್ಲ. ಅವಶೇಷ ತೆಗೆಸಲು ಕ್ಲೇಮ್ ಮೊತ್ತದ ಶೇ 2ರವರೆಗೆ, ಎಂಜಿನಿಯರ್, ವಾಸ್ತುಶಿಲ್ಪಿಗಳ ಶುಲ್ಕಕ್ಕೆ ಶೇ 5ರವರೆಗೆ ಸಿಗುತ್ತದೆ. ಮನೆ ವಾಸಕ್ಕೆ ಯೋಗ್ಯವಾಗುವ ತನಕ ಬೇರೆಡೆ ಬಾಡಿಗೆಗೆ ಇರಬೇಕಾದರೆ ಅದಕ್ಕೂ, ಬಾಡಿಗೆಗೆ ಕೊಟ್ಟ ಮನೆಯಾದರೆ ತಪ್ಪಿದ ಬಾಡಿಗೆಗೂ ಅವಕಾಶ ಇದೆ. ಹೆಚ್ಚು ಹಣ ಕೊಟ್ಟರೆ ಒಡವೆ, ಬೆಳ್ಳಿ ಸಾಮಾನುಗಳಿಗೂ, ದುರ್ಘಟನೆಯಲ್ಲಿ ಮನೆಯ ಯಜಮಾನ ಅಥವಾ ಸಂಗಾತಿ ತೀರಿಕೊಂಡರೆ ತಲಾ 5 ಲಕ್ಷಕ್ಕೂ ರಕ್ಷಣೆ ಪಡೆಯಬಹುದು.

ನಿವೇಶನಕ್ಕೆ ವಿಮೆ ಇಲ್ಲ

ಜನ ಎಡವುವುದು ಇಲ್ಲಿ. ‘ನಮ್ಮ ಮನೆ ಅರವತ್ತು ಲಕ್ಷ ಬಾಳುತ್ತದೆ’ ಎನ್ನುತ್ತಾರೆ. ಬೆಂಗಳೂರಿನ ನೆರಳು ಬಿದ್ದ ಮೇಲೆ ಈ ಊರುಗಳಲ್ಲಿ ಮನೆಗಿಂತ ನೆಲದ ಬೆಲೆಯೇ ಹೆಚ್ಚು. ಆದರೆ ನೆಲ ಸುಡುವುದಿಲ್ಲ, ನೀರಿನಲ್ಲಿ ಕೊಚ್ಚಿಹೋಗುವುದಿಲ್ಲ. ವಿಮೆ ಕಟ್ಟಡಕ್ಕೆ ಮಾತ್ರ. ಅದೇ ಕಟ್ಟಡವನ್ನು ಇಂದು ಮತ್ತೆ ಕಟ್ಟಲು ಎಷ್ಟು ಬೇಕೋ ಅದು ವಿಮಾ ಮೊತ್ತ.

ಒಂದು ಲೆಕ್ಕ ಮಾಡೋಣ. ಮಾಗಡಿಯಲ್ಲಿ ಒಬ್ಬರ ಮನೆಯ ಒಳಗಿನ ನೆಲದ ಅಳತೆ 900 ಚದರಡಿ ಎಂದಿಟ್ಟುಕೊಳ್ಳಿ. ಅಲ್ಲಿ ಚದರಡಿಗೆ ಕಟ್ಟುವ ಖರ್ಚು 1,800 ರೂಪಾಯಿ ಎಂದಾದರೆ 16.20 ಲಕ್ಷ. ಕಾಂಪೌಂಡು, ಗೇಟು, ಸಂಪು, ತಾರಸಿಯ ಮೇಲಿನ ಸೋಲಾರ್ ಇವಕ್ಕೆ 80 ಸಾವಿರ. ಒಟ್ಟು 17 ಲಕ್ಷ. ಇದಕ್ಕೆ ಪಾಲಿಸಿ ಮಾಡಿಸಿದರೆ, ಕಟ್ಟಡದ ಮೊತ್ತದ ಶೇ 20ರಷ್ಟು, ಎಂದರೆ 3.40 ಲಕ್ಷ ರೂಪಾಯಿಯ ಗೃಹೋಪಯೋಗಿ ವಸ್ತುಗಳೂ ತಾವಾಗಿಯೇ ಒಳಗೆ ಬರುತ್ತವೆ. ಒಂದೊಂದರ ಪಟ್ಟಿ ಕೊಡಬೇಕಿಲ್ಲ. ಇದಕ್ಕೆ ಗರಿಷ್ಠ ಮಿತಿ 10 ಲಕ್ಷ. ಅದಕ್ಕಿಂತ ಹೆಚ್ಚಿನ ಸಾಮಾನಿದೆ ಎನ್ನುವವರು ಘೋಷಿಸಿಕೊಂಡು ಹೆಚ್ಚಿನ ಮೊತ್ತಕ್ಕೆ ಮಾಡಿಸಬಹುದು.

ಪಾಲಿಸಿಯನ್ನು ಹತ್ತು ವರ್ಷದವರೆಗೂ ಒಟ್ಟಿಗೆ ಕೊಳ್ಳಬಹುದು. ಒಂದು ವರ್ಷಕ್ಕೆ ಮೀರಿದ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿಯೇ ಏರುತ್ತದೆ, ಆರಂಭದ ಮೊತ್ತದ ಎರಡರಷ್ಟರ ಮಿತಿಯವರೆಗೆ. ನಮ್ಮ ಮಾಗಡಿ ಮನೆಯ 17 ಲಕ್ಷ ಎರಡನೇ ವರ್ಷ 18.70 ಲಕ್ಷ ಆಗುತ್ತದೆ. ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಏರುತ್ತಲೇ ಇರುವಾಗ ಇದು ಸಣ್ಣ ಅನುಕೂಲವಲ್ಲ.

ಪ್ರೀಮಿಯಂ ಎಷ್ಟು? ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಉಂಟು. ಈ ಗಾತ್ರದ ಗಾರೆಮನೆಗೆ ವರ್ಷಕ್ಕೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದ ಒಳಗೆ ಎನ್ನಬಹುದು. ಏಜೆಂಟರು ಮನೆಬಾಗಿಲಿಗೆ ಬಂದು ಜೀವವಿಮೆ ಮಾರಿದಂತೆ ಮನೆ ವಿಮೆಯನ್ನು ಏಕೆ ಮಾರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಇಷ್ಟು ಕಡಿಮೆ ಪ್ರೀಮಿಯಂ ಮೇಲೆ ಬರುವ ಕಮಿಷನ್ ಅವರ ಪೆಟ್ರೋಲಿಗೂ ಸಾಲದು. ನಾವೇ ಹುಡುಕಿಕೊಂಡು ಹೋಗಬೇಕು.

ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಹುಲ್ಲಿನ ಚಾವಣಿ, ಬಿದಿರಿನ ತಟ್ಟಿ, ಹಲಗೆ, ಟಾರ್ಪಾಲಿನ ಮನೆಗಳು ಇನ್ನೂ ಇವೆ. ವಿಮೆಯ ಭಾಷೆಯಲ್ಲಿ ಇವು ‘ಕಚ್ಚಾ’ ಕಟ್ಟಡಗಳು. ಮನೆಯ ಒಂದು ಭಾಗ ಹಾಗಿದ್ದರೂ ಪ್ರಸ್ತಾವನಾ ಪತ್ರದಲ್ಲಿ ಇದ್ದುದನ್ನು ಇದ್ದಂತೆ ಬರೆಯಬೇಕು. ಪ್ರೀಮಿಯಂ ಹೆಚ್ಚಾದೀತು, ಚಿಂತೆಯಿಲ್ಲ. ಪರಮ ವಿಶ್ವಾಸ ಎಂಬ ತತ್ವ ಕೆಲಸ ಮಾಡುವುದು ಇಲ್ಲಿ. ನೂರು ರೂಪಾಯಿ ಉಳಿಸಲು ಮುಚ್ಚಿಟ್ಟ ಸಂಗತಿ ಕ್ಲೇಮ್ ಕೇಳಿದ ದಿನ ಹೊರಬರುತ್ತದೆ.

ಹಿತ್ತಲಲ್ಲಿ ಬೇಸಿನ್, ಮುಂಬಾಗಿಲಲ್ಲಿ ಬೊಂಬೆ

ಈ ಭಾಗದ ಮನೆಗಳ ವಿಶೇಷವೆಂದರೆ ಅವು ಬರಿಯ ಮನೆಗಳಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ಅಲ್ಲಿ ಗೂಡು ಕೊಂಡ ಎಷ್ಟೋ ರೀಲರುಗಳ ನೂಲು ಬಿಚ್ಚುವ ಬೇಸಿನ್ನುಗಳು ಇರುವುದು ವಾಸದ ಮನೆಯ ಹಿತ್ತಲಲ್ಲಿ. ಒಲೆ, ಕುದಿನೀರು, ಸೌದೆ, ಪಕ್ಕದ ಕೋಣೆಯಲ್ಲಿ ನೂಲಿನ ಲಡಿ. ಚನ್ನಪಟ್ಟಣದಲ್ಲಿ ಭೌಗೋಳಿಕ ಗುರುತು ಪಡೆದ ಬಣ್ಣದ ಬೊಂಬೆಗಳು ತಯಾರಾಗುವುದೂ ಬಹುಮಟ್ಟಿಗೆ ಮನೆಗಳಲ್ಲೇ: ಆಲೆ ಮರದ ತುಂಡು, ಲೇತಿನಿಂದ ಉದುರಿದ ಹೊಟ್ಟು, ಬಿಸಿಗೆ ಕರಗುವ ಅರಗು. ಹಳ್ಳಿಗಳಲ್ಲಿ ಹುಳು ಸಾಕುವ ಕೋಣೆ, ಚಂದ್ರಿಕೆ, ರಾತ್ರಿ ಶಾಖಕ್ಕೆ ಇಟ್ಟ ಕೆಂಡ. ಬೆಂಕಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕೆ?

ಭಾರತ್ ಗೃಹ ರಕ್ಷಾ ವಾಸದ ಮನೆಗಾಗಿ ಇರುವ ಪಾಲಿಸಿ. ಅದರಲ್ಲಿ ‘ಸಾಮಾನುಗಳು’ ಎಂದರೆ ಮನೆಬಳಕೆಯ ಸಾಮಾನು: ಮಂಚ, ಮೇಜು, ಟೀವಿ, ಅಡುಗೆಮನೆಯ ಉಪಕರಣ, ಬಟ್ಟೆಬರೆ. ಮಾರಲು ಇಟ್ಟ ರೇಷ್ಮೆ ನೂಲು, ಗೂಡಿನ ಚೀಲ, ರಫ್ತಿಗೆ ಕಟ್ಟಿಟ್ಟ ಬೊಂಬೆಯ ಡಬ್ಬಗಳು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಮನೆಯ ಒಂದು ಭಾಗದಲ್ಲಿ ಕಸುಬು ನಡೆಯುತ್ತಿದೆ ಎಂದು ತಿಳಿಸದೆ ಪಾಲಿಸಿ ಮಾಡಿಸಿದರೆ, ಬೆಂಕಿ ಬೇಸಿನ್ನಿನ ಒಲೆಯಿಂದಲೇ ಹೊತ್ತಿತು ಎಂದು ಸರ್ವೇಯರ್ ಬರೆದಾಗ ವಾಸದ ಮನೆಯ ಕ್ಲೇಮಿಗೂ ಕುತ್ತು ಬರಬಹುದು.

ಇದಕ್ಕೆ ದಾರಿ ಇಲ್ಲದಿಲ್ಲ. 2021ರ ಅದೇ ಏಪ್ರಿಲ್ 1ರಂದು ಸಣ್ಣ ಉದ್ಯಮಗಳಿಗೆಂದು ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಇನ್ನೊಂದು ಮಾದರಿ ಪಾಲಿಸಿಯೂ ಬಂತು. ಒಂದು ಜಾಗದಲ್ಲಿರುವ ಕಟ್ಟಡ, ಯಂತ್ರ, ದಾಸ್ತಾನು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗಿನ ಉದ್ಯಮಕ್ಕೆ ಅದು ಅನ್ವಯ. ನಾಲ್ಕು ಬೇಸಿನ್ನಿನ ರೀಲರ್, ಎರಡು ಲೇತಿನ ಕುಶಲಕರ್ಮಿ ಇಬ್ಬರಿಗೂ ಸಲ್ಲುವುದು ಅದೇ. ವಾಸದ ಭಾಗಕ್ಕೆ ಒಂದು, ಕಸುಬಿನ ಭಾಗಕ್ಕೆ ಒಂದು ಪಾಲಿಸಿ ಮಾಡಿಸಿ, ಎರಡರಲ್ಲೂ ಇನ್ನೊಂದರ ಸಂಗತಿ ಬರೆಸಿಬಿಟ್ಟರೆ ತಕರಾರಿಗೆ ಎಡೆ ಕಡಿಮೆ.

ಎರಡೂ ಪಾಲಿಸಿಗಳ ನಡುವೆ ಒಂದು ಮುಖ್ಯ ವ್ಯತ್ಯಾಸ ಇದೆ, ಗಣಿತ ಇಷ್ಟಪಡುವ ವಿದ್ಯಾರ್ಥಿಗಳು ಗಮನಿಸಲಿ. ಒಬ್ಬ ರೀಲರ್ ಬಳಿ 10 ಲಕ್ಷದ ದಾಸ್ತಾನಿದೆ. ಪ್ರೀಮಿಯಂ ಉಳಿಸಲು 6 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸುತ್ತಾನೆ. ಬೆಂಕಿಯಲ್ಲಿ 5 ಲಕ್ಷದ ಮಾಲು ಸುಡುತ್ತದೆ. ‘ವಿಮೆ 6 ಲಕ್ಷ ಇದೆ, ನಷ್ಟ 5 ಲಕ್ಷ, ಪೂರ್ತಿ ಬರಬೇಕು’ ಎಂಬುದು ಅವನ ಎಣಿಕೆ. ಕಂಪನಿಯ ಎಣಿಕೆ ಬೇರೆ: ಇದ್ದುದರ ಹತ್ತರಲ್ಲಿ ಆರು ಪಾಲಿಗೆ ಮಾತ್ರ ನೀನು ವಿಮೆ ಮಾಡಿಸಿದ್ದೀಯೆ, ಆದ್ದರಿಂದ ನಷ್ಟದಲ್ಲೂ ಹತ್ತರಲ್ಲಿ ಆರು ಪಾಲು ನನ್ನದು, ಉಳಿದದ್ದು ನಿನ್ನದು. ಕೈಗೆ ಬರುವುದು 3 ಲಕ್ಷ. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಕೊರತೆ ಶೇ 15ರ ಒಳಗಿದ್ದರೆ ಮಾತ್ರ ಮಾಫಿ. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲವೇ ಇಲ್ಲ; ವಿಮಾ ಮೊತ್ತದ ಮಿತಿಯೊಳಗೆ ನಷ್ಟ ಪೂರ್ತಿ ಸಿಗಬೇಕು. ಹಳೆಯ ಮನೆ ವಿಮೆಗಳಲ್ಲಿ ಜನರನ್ನು ಗೋಳಾಡಿಸಿದ ಷರತ್ತು ಇದು. ಅದನ್ನು ತೆಗೆದುಹಾಕಿದ್ದು ಪ್ರಾಧಿಕಾರ ಮಾಡಿದ ಒಳ್ಳೆಯ ಕೆಲಸ.

ಯಾವುದು ಸಿಗುವುದಿಲ್ಲ?

ಕಳವು. ಇದು ಬಹಳ ಜನರಿಗೆ ಗೊತ್ತಿಲ್ಲ. ಊರಿಗೆ ಹೋದಾಗ ಬೀಗ ಮುರಿದು ಕದ್ದರೆ ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿ ಬಿಡಿಗಾಸೂ ಬರುವುದಿಲ್ಲ. ಬೆಂಕಿ, ನೆರೆ, ಗಲಭೆಯಂಥ ಘಟನೆ ನಡೆದು, ಅದರ ಕಾರಣದಿಂದಲೇ ಏಳು ದಿನದೊಳಗೆ ಕಳವಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕನ್ನಗಳವಿಗೆ ಬೇರೆ ರಕ್ಷಣೆ ಕೊಳ್ಳಬೇಕು.

ಮಳೆಗಾಲದಲ್ಲಿ ತಾರಸಿ ಸೋರುವುದು, ಗೋಡೆಗೆ ಪಾಚಿ ಹಿಡಿಯುವುದು, ಗೆದ್ದಲು, ಹಳೆಯ ಮರ ಕುಂಬಾಗುವುದು ಇವು ಸಿಗುವುದಿಲ್ಲ. ವಿಮೆ ಇರುವುದು ಹಠಾತ್ ಘಟನೆಗೆ, ಸವೆತಕ್ಕಲ್ಲ. ಹೊಸ ಕಟ್ಟಡ ಕೂರುವಾಗ ಬರುವ ಬಿರುಕು, ತುಂಬಿದ ಮಣ್ಣು ಕುಸಿಯುವುದು, ಕಳಪೆ ಕಾಮಗಾರಿ, ಪಕ್ಕದಲ್ಲಿ ಅಡಿಪಾಯ ತೋಡಿದ್ದರಿಂದ ಆದ ಕುಸಿತ ಇವೂ ಹೊರಗೆ. ಕೆರೆಯಂಗಳಕ್ಕೆ ಮಣ್ಣು ತುಂಬಿ ಮಾಡಿದ ನಿವೇಶನದಲ್ಲಿ ಮನೆ ಕಟ್ಟಿದವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕರೆಂಟು ಏರುಪೇರಾಗಿ ಟೀವಿ ಸುಟ್ಟರೆ ಆ ಟೀವಿಗೆ ಹಣವಿಲ್ಲ. ಅದರಿಂದ ಹೊತ್ತಿದ ಬೆಂಕಿ ಪರದೆಗೆ, ಸೋಫಾಕ್ಕೆ ಹರಡಿದರೆ ಆ ನಷ್ಟಕ್ಕೆ ಉಂಟು. ವಿಚಿತ್ರವೆನಿಸಿದರೂ ಷರತ್ತು ಹಾಗಿದೆ. ನೋಟು, ಚೆಕ್ಕು, ವಾಹನ, ದಾಖಲೆಪತ್ರ ಇವಕ್ಕೂ ಇಲ್ಲ. ನೆರೆ ಬಂದ ಮನೆಗಳಲ್ಲಿ ಮಕ್ಕಳು ಹೆಚ್ಚು ಸಂಕಟಪಡುವುದು ನೆನೆದ ಅಂಕಪಟ್ಟಿಗಳಿಗಾಗಿ. ಅದಕ್ಕೆ ವಿಮೆ ಉತ್ತರವಲ್ಲ. ಈಚಿನ ವರ್ಷಗಳ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು ಡಿಜಿಲಾಕರಿನಲ್ಲಿ ಸಿಗುತ್ತವೆ. ಉಳಿದವುಗಳ ಫೋಟೊ ತೆಗೆದು ಬೇರೊಂದು ಊರಿನ ಬಂಧುಗಳ ಬಳಿಯೂ ಒಂದು ಪ್ರತಿ ಇರಿಸಿ.

ಅಡುಗೆ ಅನಿಲದ ಸಿಲಿಂಡರ್ ಬಗ್ಗೆ ಒಂದು ಮಾತು. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರ ಪರವಾಗಿ ಮಾಡಿಸಿರುವ ವಿಮೆಯಲ್ಲಿ, ಗ್ಯಾಸ್ ದುರಂತದಿಂದ ನೋಂದಾಯಿತ ವಿಳಾಸದ ಆಸ್ತಿಗೆ ಹಾನಿಯಾದರೆ ಒಂದು ಘಟನೆಗೆ 2 ಲಕ್ಷದವರೆಗೆ, ಸಾವಾದರೆ ತಲಾ 6 ಲಕ್ಷ ಸಿಗುತ್ತದೆ. ಗ್ರಾಹಕರು ಇದಕ್ಕೆ ಬೇರೆ ಹಣ ಕಟ್ಟಬೇಕಿಲ್ಲ. ‘ನೋಂದಾಯಿತ ವಿಳಾಸ’ ಎಂಬುದೇ ಇಲ್ಲಿ ಮುಖ್ಯ. ಮನೆ ಬದಲಿಸಿ ಮೂರು ವರ್ಷವಾದರೂ ಗ್ಯಾಸ್ ಪುಸ್ತಕದಲ್ಲಿ ಹಳೆಯ ವಿಳಾಸವೇ ಇರುವ ಮನೆಗಳು ಎಷ್ಟಿಲ್ಲ?

ತಾತನ ಹೆಸರಿನ ಖಾತೆ

ವಿಮಾ ಹಿತಾಸಕ್ತಿ ಎಂದರೆ, ವಸ್ತು ಹಾಳಾದರೆ ನಷ್ಟ ಅನುಭವಿಸುವವನೇ ವಿಮೆ ಮಾಡಿಸಬೇಕು. ಪರರ ಮನೆಗೆ ನಾವು ವಿಮೆ ಮಾಡಿಸಿ ಅದು ಬೀಳಲಿ ಎಂದು ಕಾಯುವಂತಿಲ್ಲ. ಪಠ್ಯದಲ್ಲಿ ಸಲೀಸಾಗಿ ಕಾಣುವ ಈ ನಿಯಮ ನಮ್ಮ ಹಳ್ಳಿಗಳಲ್ಲಿ ತೊಡಕಾಗುತ್ತದೆ. ಮನೆಯ ಖಾತೆ ತೀರಿಕೊಂಡ ತಾತನ ಹೆಸರಿನಲ್ಲೇ ಇರುತ್ತದೆ. ವಾಸ ಮಾಡುವವರು ಇಬ್ಬರು ಗಂಡುಮಕ್ಕಳು. ಪಾಲು ಆಗಿದೆ, ಪಂಚಾಯ್ತಿ ಕಟ್ಟೆಯ ಬಾಯಿಮಾತಿನಲ್ಲಿ. ಪಾಲಿಸಿ ಒಬ್ಬ ಮಗನ ಹೆಸರಿನಲ್ಲಿ. ಕ್ಲೇಮ್ ಬಂದಾಗ ಕಂಪನಿ ಕಾಗದ ಕೇಳುತ್ತದೆ, ಅಣ್ಣತಮ್ಮಂದಿರು ಮುಖ ನೋಡಿಕೊಳ್ಳುತ್ತಾರೆ. ಪೌತಿ ಖಾತೆ ಮಾಡಿಸುವ ಕೆಲಸವನ್ನು ಮೊದಲು ಮುಗಿಸುವುದು ಒಳ್ಳೆಯದು. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿಕೊಂಡಿದೆ. ಪತ್ರದಲ್ಲಿ ಒಂದು ಜಿಲ್ಲೆ, ಪಾಲಿಸಿಯಲ್ಲಿ ಇನ್ನೊಂದು ಇದ್ದರೆ ಗೊಂದಲ ಬೇಡ. ಖಾತೆ ಸಂಖ್ಯೆ, ಚಕ್ಕುಬಂದಿ ಸರಿಯಾಗಿ ಬರೆಸಿ.

ಬ್ಯಾಂಕಿನಲ್ಲಿ ಸಾಲ ಪಡೆದವರು ‘ನಮಗೆ ವಿಮೆ ಆಗಿದೆ’ ಎನ್ನುವುದುಂಟು. ಯಾವ ವಿಮೆ ಎಂದು ತೆಗೆದು ನೋಡಿ. ಬಹಳಷ್ಟು ಸಲ ಅದು ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆ. ಗೋಡೆಗೂ ಅದಕ್ಕೂ ಸಂಬಂಧವಿಲ್ಲ. ಮನೆಗೇ ವಿಮೆ ಆಗಿದ್ದರೂ ಅದು ಬಾಕಿ ಸಾಲದಷ್ಟು ಮೊತ್ತಕ್ಕೆ ಮಾತ್ರ ಇದೆಯೇ, ಇಡೀ ಕಟ್ಟಡಕ್ಕೆ ಇದೆಯೇ ಎಂದು ವಿಚಾರಿಸಿ. ಹಣ ಬಂದರೆ ಮೊದಲು ಬ್ಯಾಂಕಿಗೆ ಹೋಗುತ್ತದೆ, ಅದು ನ್ಯಾಯವೇ. ಇಂಥ ಕಂಪನಿಯಿಂದಲೇ ಕೊಳ್ಳಬೇಕೆಂಬ ಒತ್ತಾಯಕ್ಕೆ ಮಾತ್ರ ಮಣಿಯಬೇಕಿಲ್ಲ.

ಇನ್ನು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳು. ದಿನವೂ ರೈಲಿನಲ್ಲಿ ಓಡಾಡಲಾಗದೆ ಮೂವರು ನಾಲ್ವರು ಸೇರಿ ಮನೆ ಹಿಡಿಯುತ್ತಾರೆ. ಕಟ್ಟಡ ಮಾಲೀಕರದು, ಅದರ ವಿಮೆ ಅವರ ಚಿಂತೆ. ಒಳಗಿನ ಸಾಮಾನು ಬಾಡಿಗೆದಾರರದು. ಅವರು ಸಾಮಾನಿಗೆ ಮಾತ್ರ ಗೃಹ ರಕ್ಷಾ ಪಾಲಿಸಿ ಪಡೆಯಬಹುದು. ಹೆಗಲಿಗೆ ಹಾಕಿಕೊಂಡು ಓಡಾಡುವ ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳೆದರೆ ಇದರಿಂದ ಪ್ರಯೋಜನ ಇಲ್ಲ.

ಹಾನಿಯಾದ ಮೇಲೆ

ಮೊದಲು ಜೀವ, ಆಮೇಲೆ ಫೋಟೊ. ನೀರು ಇಳಿದ ತಕ್ಷಣ ಎಲ್ಲವನ್ನೂ ತೊಳೆದು, ಹಾಳಾದ್ದನ್ನು ಬೀದಿಗೆ ಎಸೆದು ಮನೆ ಚೊಕ್ಕ ಮಾಡುವುದು ನಮ್ಮ ಹೆಂಗಸರ ಸ್ವಭಾವ. ಸರ್ವೇಯರ್ ಬಂದಾಗ ತೋರಿಸಲು ಏನೂ ಉಳಿದಿರುವುದಿಲ್ಲ. ಗೋಡೆಯ ಮೇಲಿನ ನೀರಿನ ಗುರುತು, ನೆನೆದ ಸಾಮಾನು, ಬಿರುಕು ಎಲ್ಲದರ ಚಿತ್ರ ತೆಗೆದುಕೊಂಡು, ಸಾಮಾನನ್ನು ಒಂದು ಮೂಲೆಯಲ್ಲಾದರೂ ಇಟ್ಟಿರಬೇಕು. ಹಾಗೆಂದು ಹಾನಿ ಹೆಚ್ಚುತ್ತಿದ್ದರೆ ಕೈಕಟ್ಟಿ ಕೂರುವಂತಿಲ್ಲ. ವಿಮೆ ಇಲ್ಲದವನು ತನ್ನ ಸ್ವತ್ತನ್ನು ಹೇಗೆ ಉಳಿಸಿಕೊಳ್ಳುತ್ತಿದ್ದನೋ ಹಾಗೆಯೇ ಉಳಿಸಲು ಯತ್ನಿಸಬೇಕು. ಕಂಪನಿಗೆ ಕೂಡಲೇ ತಿಳಿಸಬೇಕು. ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ, ಗಲಭೆ, ಕಳವಾದರೆ ಪೊಲೀಸ್ ದೂರು ಬೇಕು.

ಮನೆಯಲ್ಲಿ ಏನೇನಿದೆ ಎಂಬ ಪಟ್ಟಿ ಮೊದಲೇ ಇದ್ದರೆ ಅರ್ಧ ಕೆಲಸ ಹಗುರ. ಇದನ್ನು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ವಹಿಸಬಹುದು. ಒಂದೊಂದು ಕೋಣೆಗೆ ಒಂದು ಪುಟ. ವಸ್ತು, ಕೊಂಡ ವರ್ಷ, ಬೆಲೆ, ರಸೀದಿ ಇದೆಯೇ ಇಲ್ಲವೇ. ಅಜ್ಜಿಯ ಹಿತ್ತಾಳೆ ಹಂಡೆಯ ಬೆಲೆ ಎಷ್ಟೆಂದು ಕೇಳಿದರೆ ಒಂದು ಸಂಜೆಯ ಕಥೆಯೂ ಸಿಕ್ಕೀತು.

2024ರ ಜೂನಿನಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯಂತೆ, ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ಅವರ ವರದಿ 15 ದಿನದಲ್ಲಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ತಡವಾದರೆ ಅಥವಾ ಹೇಳಿದ ಕಾರಣ ಒಪ್ಪಿಗೆಯಾಗದಿದ್ದರೆ ಮೊದಲು ಆ ಕಂಪನಿಯ ಕುಂದುಕೊರತೆ ವಿಭಾಗಕ್ಕೇ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಪ್ರಾಧಿಕಾರದ ‘ಬಿಮಾ ಭರೋಸಾ’ ತಾಣದಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ಕೇಳಿಕೊಳ್ಳಬಹುದು, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಿರಬೇಕು. ಪಾಲಿಸಿಯ ಪ್ರತಿ, ಕಂಪನಿಗೆ ಬರೆದ ದೂರಿನ ಪ್ರತಿ, ಅವರ ಉತ್ತರ, ಸರ್ವೇಯರ್ ವರದಿ ಇವಿಷ್ಟನ್ನು ಒಂದು ಫೈಲಿನಲ್ಲಿಟ್ಟು ಒಯ್ದರೆ ಸಾಕು. ಸರ್ವೇಯರ್ ವರದಿಯ ಪ್ರತಿ ಕಂಪನಿ ತಾನಾಗಿ ಕೊಡದಿದ್ದರೆ ಕೇಳಿ ಪಡೆಯಿರಿ.